ಮೊದಲ ನಲವತ್ತು ಜನ



ಇವತ್ತು ಹಾಡಿನ ವಿಷಯ ಮಾತಾಡಬೇಕೆಂದು ಬಂದಿದ್ದೇನೆ. ಆದರೆ ಈ ಹಾಡುಗಳಲ್ಲಿ ಹೆಚ್ಚಿನವನ್ನು ನೀವು ಕೇಳಿರಲಾರಿರಿ. ನಾನೂ ಎಷ್ಟೋ ಹಾಡನ್ನು ಒಂದೇ ಸಲ ಕೇಳಿದ್ದು. ಕೆಲವನ್ನು ಬರೆದವರೇ ಆಮೇಲೆ ಕೈಬಿಟ್ಟರು. ಕೆಲವು ಸಾಲು ಬದಲಾಗಿ, ತಾಳ ಬದಲಾಗಿ, ವರ್ಷಗಳ ಮೇಲೆ ಆಲ್ಬಮ್ಮಿನಲ್ಲಿ ಗುರುತೇ ಸಿಗದ ಹಾಗೆ ಬಂದವು. ಇವು ಸಿನಿಮಾದವಲ್ಲ, ಭಾವಗೀತೆಗಳಲ್ಲ, ಯಾವ ಕಂಪನಿಯೂ ದುಡ್ಡು ಹಾಕಿ ಮಾಡಿಸಿದವಲ್ಲ. ಮೂರು ನಾಲ್ಕು ಜನ ಸೇರಿ, ಹಗಲು ಎಲ್ಲೋ ಕೆಲಸ ಮಾಡಿದ ಸಂಬಳದಲ್ಲಿ ಗಿಟಾರು ಡ್ರಮ್ಸು ಕೊಂಡು, ತಾವೇ ಬರೆದು, ತಾವೇ ರಾಗ ಹಾಕಿ, ಬೆಂಗಳೂರಿನ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ನಲವತ್ತೋ ಐವತ್ತೋ ಜನರ ಮುಂದೆ ನಿಂತು ಹಾಡಿದವು. ಇಂಥವರನ್ನು ಇಂಡೀ ಬ್ಯಾಂಡ್ ಅನ್ನುತ್ತಾರೆ. ಅವರು ಹಾಡುವ ಆ ಸಂಜೆಗೆ ಗಿಗ್ ಎಂದು ಹೆಸರು.

ನಾನು ಗಿಗ್ಗಿಗೆ ಹೋಗುವವನು. ಐವತ್ತು ದಾಟಿ ಕೆಲಕಾಲವಾಯಿತು. ಚಟ ಹತ್ತಿಸಿದವನು ನನ್ನ ತಂಗಿಯ ಮಗ, ಬೇಸ್ ಗಿಟಾರ್ ನುಡಿಸುವವನು. ಮೊನ್ನೆ ಒಂದು ಕಡೆ ಬಾಗಿಲಲ್ಲಿ ಕೈಗೆ ಮುದ್ರೆ ಒತ್ತುವ ಹುಡುಗ ನನ್ನ ನರೆಗೂದಲು ನೋಡಿ, “ಅಂಕಲ್, ಯಾರನ್ನಾದ್ರೂ ಕರ್ಕೊಂಡ್ ಹೋಗೋಕೆ ಬಂದ್ರಾ?” ಅಂದ. “ಇಲ್ಲಪ್ಪ, ಕೇಳೋಕೇ ಬಂದಿದೀನಿ” ಅಂದೆ. ಒಂದು ಗಳಿಗೆ ಯೋಚನೆ ಮಾಡಿದ. “ಸ್ಪೀಕರ್ ಹತ್ರ ನಿಂತ್ಕೋಬೇಡಿ ಹಾಗಾದ್ರೆ” ಎಂದು ಹೇಳಿ ಮುದ್ರೆ ಒತ್ತಿದ. ಒಳ್ಳೆಯ ಸಲಹೆ. ಅದರ ಕಾರಣ ಮುಂದೆ ಹೇಳುತ್ತೇನೆ.

ದೊಡ್ಡ ಕಾರ್ಯಕ್ರಮಗಳನ್ನು ನೋಡದವನೇನಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬ್ಯಾಂಡು ಅರಮನೆ ಮೈದಾನಕ್ಕೆ ಬಂತು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂತು. ದೆಹಲಿ ಕಡೆಯ ಕಾರ್ಯಕ್ರಮ ರದ್ದಾಗಿ, ಆ ಸಲ ಅವರು ಭಾರತದಲ್ಲಿ ಹಾಡಿದ್ದು ಬೆಂಗಳೂರಿನಲ್ಲಿ ಮಾತ್ರ. ಆ ರಾತ್ರಿ ಮೈದಾನದಲ್ಲಿದ್ದವರಿಗೆಲ್ಲ ಪ್ರತಿಯೊಂದು ಹಾಡೂ ಬಾಯಿಪಾಠ. ವೇದಿಕೆಯ ಮೇಲಿದ್ದವರು ಬೆರಳಿನಷ್ಟು ಕಾಣುತ್ತಿದ್ದರು, ಉಳಿದದ್ದನ್ನು ಪರದೆಯಲ್ಲಿ ನೋಡಿದೆವು. ಅದು ಸಂಭ್ರಮವೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಅಲ್ಲಿಗೆ ಹೋಗದೇ ಇದ್ದಿದ್ದರೂ ಆ ಹಾಡುಗಳಿಗೆ ಏನೂ ಆಗುತ್ತಿರಲಿಲ್ಲ. ಅವು ಎಂದೋ ಮುಗಿದ ಹಾಡುಗಳು.

ಸಣ್ಣ ಕೋಣೆಯಲ್ಲಿ ಹಾಡು ಇನ್ನೂ ಮುಗಿದಿರುವುದಿಲ್ಲ. ಹೆಸರಾದ ಮೇಲೆ ಕೇಳಲು ಯಾರು ಬೇಕಾದರೂ ಬರುತ್ತಾರೆ. ಹೆಸರಾಗುವ ಮುಂಚೆ, ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಹೇಳಿರದ ಹೊತ್ತಿನಲ್ಲಿ ಬಂದು ನಿಲ್ಲುವ ಆ ಮೊದಲ ನಲವತ್ತು ಜನ ಇದ್ದಾರಲ್ಲ, ಅವರ ಮುಖ ನೋಡಿಯೇ ಬ್ಯಾಂಡು ತಯಾರಾಗುವುದು. ಮನೆಯವರು ಹೇಗಿದ್ದರೂ ಚಪ್ಪಾಳೆ ತಟ್ಟುತ್ತಾರೆ. ಸ್ನೇಹಿತರು ದಾಕ್ಷಿಣ್ಯಕ್ಕೆ ತಟ್ಟುತ್ತಾರೆ. ಗುರುತಿಲ್ಲದವನೊಬ್ಬ ಎರಡನೇ ಚರಣದಲ್ಲಿ ಫೋನು ತೆಗೆದು ನೋಡಿದ ಅನ್ನಿ. ಆ ಚರಣ ಉದ್ದವಾಯಿತೆಂದು ಗಾಯಕನಿಗೆ ಅಲ್ಲೇ ಗೊತ್ತಾಗುತ್ತದೆ. ಮುಂದಿನ ವಾರ ಚರಣಕ್ಕೆ ಕತ್ತರಿ ಬೀಳುತ್ತದೆ.

ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಸಂಜೆ ನಾಲ್ಕಕ್ಕೆ ಹೋಗಬೇಕು. ಬೇಸ್ ಗಿಟಾರಿನ ಪೆಟ್ಟಿಗೆ ಹೊರುವ ನೆಪದಲ್ಲಿ ನನಗೆ ಆ ಭಾಗ್ಯ ಆಗಾಗ ಸಿಗುತ್ತದೆ. ಆಗ ಪಬ್ಬಿನಲ್ಲಿ ದೀಪಗಳೆಲ್ಲ ಉರಿಯುತ್ತಿರುತ್ತವೆ, ನೆಲ ಒರೆಸುತ್ತಿರುತ್ತಾರೆ, ನಿನ್ನೆ ಚೆಲ್ಲಿದ ಬಿಯರಿನ ಹುಳಿ ವಾಸನೆ. ಡ್ರಮ್ಮರು ಒಂದೇ ಡ್ರಮ್ಮನ್ನು ಹತ್ತು ನಿಮಿಷ ಬಡಿಯುತ್ತಾನೆ. ಗಾಯಕಿ “ಚೆಕ್, ಚೆಕ್” ಅನ್ನುತ್ತಾಳೆ. ಇದಕ್ಕೆ ಸೌಂಡ್‌ಚೆಕ್ ಎಂದು ಹೆಸರು. ಖಾಲಿ ಕೋಣೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಗುಂಯ್ ಎಂದು ತಿರುಗುತ್ತದೆ. ರಾತ್ರಿ ಜನ ಬಂದು ತುಂಬಿಕೊಂಡರೆ ಅದೇ ಕೋಣೆ ಬೇರೆಯಾಗುತ್ತದೆ, ಏಕೆಂದರೆ ಮನುಷ್ಯರ ಮೈ, ಬಟ್ಟೆ, ಕೂದಲು ಎಲ್ಲ ಸೇರಿ ಮೇಲ್‌ಸ್ಥಾಯಿಯ ಸದ್ದನ್ನು ಹೀರಿಕೊಳ್ಳುತ್ತವೆ. ಸಂಜೆ ಹದ ಮಾಡಿಟ್ಟದ್ದನ್ನು ಸೌಂಡ್ ಇಂಜಿನಿಯರ್ ರಾತ್ರಿ ಮೊದಲ ಹಾಡಿನಲ್ಲೇ ಮತ್ತೆ ಹದ ಮಾಡಬೇಕು. ಕೋಣೆಯ ದನಿ ತೂಗುವುದರಲ್ಲಿ ನಮ್ಮ ಮೈಯೂ ಸೇರಿದೆ ಎಂದಾಯಿತು.

ಸಣ್ಣ ಕೋಣೆಯ ದೊಡ್ಡ ತಾಪತ್ರಯ ಡ್ರಮ್ಮು. ಅದಕ್ಕೆ ಮೈಕೇ ಬೇಡ. ಬಡಿದರೆ ಕೋಣೆ ತುಂಬುತ್ತದೆ. ಉಳಿದವರೆಲ್ಲ ಅದರ ಮೇಲೆ ಕೇಳಿಸಬೇಕಾದರೆ ಗಿಟಾರನ್ನು ಏರಿಸಬೇಕು, ಗಿಟಾರಿನ ಮೇಲೆ ದನಿಯನ್ನು ಏರಿಸಬೇಕು. ದನಿ ಏರಿಸುತ್ತ ಹೋದರೆ ಸ್ಪೀಕರಿನಿಂದ ಬಂದ ಸದ್ದನ್ನೇ ಮೈಕು ಮತ್ತೆ ಹಿಡಿದು ಕೀ ಎಂದು ಕಿರುಚುತ್ತದೆ. ಹಾಗಾಗಿ ದನಿಗೆ ಒಂದು ಮಿತಿ ಉಂಟು, ಡ್ರಮ್ಮಿಗಿಲ್ಲ. ಇದರಿಂದ ಕನ್ನಡದ ಹಾಡಿಗೆ ಒಂದು ವಿಶೇಷ ಪೆಟ್ಟು ಬೀಳುತ್ತದೆ ಎಂದು ನನಗೆ ಅನ್ನಿಸಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಡ್ರಮ್ಮರಿಗೆ ಕೈ ತುರಿಸುವುದೂ ಸಾಲಿನ ಕೊನೆಗೇ, ಧಡಧಡಧಡ ಎಂದು ಮುಂದಿನ ಸಾಲಿಗೆ ಸೇತುವೆ ಕಟ್ಟುತ್ತಾನೆ. ಅವಳು ಬಂದಳೋ ಹೋದಳೋ, ಮಳೆ ಬಿತ್ತೋ ನಿಂತಿತೋ, ಅರ್ಥವೆಲ್ಲ ಆ ಧಡಧಡದ ಕೆಳಗೆ ಹೋಯಿತು. ಪ್ರಾಸ ಇಟ್ಟಿರುವುದೂ ಅಲ್ಲೇ; ಅದೂ ಹೋಯಿತು. ಇದನ್ನು ಗಮನಿಸಿ ಸಾಲಿನ ನಡುವೆ ಬಾರಿಸುವುದನ್ನು ಕಲಿತ ಡ್ರಮ್ಮರುಗಳಿದ್ದಾರೆ. ಕಲಿತದ್ದು ಯಾರೋ ಬಂದು ಹೇಳಿದ ಮೇಲೆ.

ಬೆಂಗಳೂರಿನಲ್ಲಿ ಬ್ಯಾಂಡುಗಳಿಗೆ ಎಂದೂ ಬರ ಇರಲಿಲ್ಲ, ಬರ ಇದ್ದದ್ದು ಅವುಗಳಲ್ಲಿ ಕನ್ನಡಕ್ಕೆ. ಬಹಳ ಕಾಲ ರಾಕ್ ಎಂದರೆ ದಂಡು ಪ್ರದೇಶದ ಸಂಗತಿ. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ, ಕಾಲೇಜು ಹಬ್ಬಗಳು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನವರು ಆಗಲೇ ಸ್ವಂತ ಹಾಡು ಕಟ್ಟುತ್ತಿದ್ದರು, ಆದರೆ ಇಂಗ್ಲಿಷಿನಲ್ಲಿ. ಅದೇ ವರ್ಷ ಶುರುವಾದ ಫ್ರೀಡಂ ಜ್ಯಾಮ್ ಎಂಬ ಸ್ವಾತಂತ್ರ್ಯ ದಿನದ ಸಂಗೀತಕೂಟ ಎಷ್ಟೋ ಹೊಸ ಬ್ಯಾಂಡುಗಳಿಗೆ ಮೊದಲ ವೇದಿಕೆಯಾಯಿತು, ಟಿಕೆಟ್ಟೂ ಇರಲಿಲ್ಲ. ಗಲೀಜ್ ಗುರೂಸ್ ಎಂದು ಹೆಸರಿಟ್ಟುಕೊಂಡ ಬ್ಯಾಂಡು ಕೂಡ ಹಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ! ಹೆಸರಿನವರೆಗೆ ಬಂದ ಕನ್ನಡ ಹಾಡಿಗೆ ಬರಲಿಲ್ಲ.

ಕನ್ನಡವನ್ನು ಒಳಗೆ ಕರೆತಂದವರು ಮೈಸೂರಿನವರು. ರಘು ದೀಕ್ಷಿತ್ ಮೊದಲು ಅಂತರಾಗ್ನಿ ಎಂಬ ಬ್ಯಾಂಡು ಕಟ್ಟಿದ್ದರು. ಕಂಪನಿಗಳು ವರ್ಷಗಟ್ಟಲೆ ಅವರ ಹಾಡುಗಳನ್ನು ಬೇಡವೆಂದವು. ಕೊನೆಗೆ ಮುಂಬಯಿಯ ಒಂದು ಕ್ಲಬ್ಬಿನಲ್ಲಿ ಹಾಡುತ್ತಿದ್ದಾಗ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕೇಳಿ, 2008ರಲ್ಲಿ ತಾವೇ ಮೊದಲ ಆಲ್ಬಮ್ ಹೊರತಂದರು. ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದ ಇದೆ. ಅದಕ್ಕೂ ಮುಂಚೆ ಶರೀಫರನ್ನು ನಾವು ಕೇಳುತ್ತಿದ್ದದ್ದು ಸಿ. ಅಶ್ವಥ್ ಅವರ ದನಿಯಲ್ಲಿ, ಸಭಾಂಗಣದಲ್ಲಿ ಕೂತು. ಈಗ ಅದೇ ಪದ ಬಿಯರ್ ಗ್ಲಾಸು ಹಿಡಿದವರ ನಡುವೆ ಹೋಗಿ ನಿಂತಿತು. ಮೂಗು ಮುರಿದವರಿದ್ದರು. ತತ್ವಪದ ಹುಟ್ಟಿದ್ದು ದೇವಸ್ಥಾನದ ಗರ್ಭಗುಡಿಯಲ್ಲಲ್ಲ, ಗುಡುಗುಡಿ ಸೇದುವವರ ನಡುವೆಯೇ ಎನ್ನುವುದನ್ನು ಅವರು ಮರೆತಿದ್ದರೆಂದು ನನ್ನ ಅಭಿಪ್ರಾಯ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಅವರು ಹಾಡಿದ ಮೇಲೆ ಎಲ್ಲರೂ ನಮ್ಮ ಹುಡುಗ ಅಂದರು. ಅಲ್ಲಿಯವರೆಗೆ ನಮ್ಮ ಹುಡುಗ ಎಂದವರು ಸಣ್ಣ ಕೋಣೆಗಳಲ್ಲಿ ನಿಂತಿದ್ದವರು.

ಇನ್ನೊಂದು ಬ್ಯಾಂಡು ಸ್ವರಾತ್ಮ. ಮುಂದಾಳು ವಾಸು ದೀಕ್ಷಿತ್, ಅವರೂ ಮೈಸೂರಿನವರೇ. ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬರುತ್ತಿದ್ದರು. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ ಎರಡನೆಯದು. ಕನ್ನಡ ಹಿಂದಿ ಎರಡರಲ್ಲೂ ಹಾಡಿದರು. ಇವರು ಸಣ್ಣ ಜಾಗದಲ್ಲಿ ಮಾಡಿದ ಕೆಲಸ ನನಗೆ ಹೆಚ್ಚು ಮುಖ್ಯ, ಏಕೆಂದರೆ ಜಾನಪದದಿಂದ ತಂದ ತಮಟೆ ಕುಣಿತದ ನಡೆಯನ್ನು ರಾಕ್ ಡ್ರಮ್ಮಿನ ಪಕ್ಕದಲ್ಲಿ ಹೇಗೆ ಕೂರಿಸುವುದು ಎನ್ನುವುದನ್ನು ಯಾವ ಶಾಲೆಯೂ ಹೇಳಿಕೊಡುವುದಿಲ್ಲ. ಜನರ ಕಾಲು ಯಾವಾಗ ಆಡುತ್ತದೆ ಎಂದು ನೋಡಿಕೊಂಡು ಕಲಿಯಬೇಕು. ಕಾಲು ಕಾಣಬೇಕಾದರೆ ಕೇಳುಗ ಹತ್ತಿರ ಇರಬೇಕು.

ಇಷ್ಟೆಲ್ಲ ಆದರೂ ಸ್ವಂತ ಹಾಡು ಹಾಡುವವರಿಗೆ ಪಬ್ಬಿನವರು ವಾರದ ಮಧ್ಯದ ಒಂದು ದಿನವನ್ನು, ಬುಧವಾರವನ್ನೋ ಗುರುವಾರವನ್ನೋ ಕೊಡುತ್ತಾರೆ. ಶುಕ್ರವಾರ ಶನಿವಾರ ಮಾತ್ರ ಬಾಲಿವುಡ್ ನೈಟಿಗೆ, ಹಳೆಯ ಇಂಗ್ಲಿಷ್ ಹಾಡಿನವರಿಗೆ, ಈಚೆಗೆ ಕನ್ನಡ ನೈಟಿಗೆ. ಈ ಕನ್ನಡ ನೈಟುಗಳಲ್ಲಿ ರಾಜ್‌ಕುಮಾರ್ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಹಾಕಿ ಬಾರಿಸುತ್ತಾರೆ, ಇಡೀ ಕೋಣೆ ಕೂಡಿ ಹಾಡುತ್ತದೆ. ನಾನೂ ಗಂಟಲು ಹರಿದುಕೊಂಡು ಹಾಡಿದ್ದೇನೆ. ಅದು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಮೇಲಿನ ಮಹಡಿಗೆ ಬಂದಿದೆ, ಅಷ್ಟೆ. ಹೊಸ ಹಾಡಿಗೆ ಅದರಿಂದ ಉಪಯೋಗವಿಲ್ಲ. ಇದಕ್ಕೆ ವಿರುದ್ಧವಾಗಿ, ನ್ಯೂಯಾರ್ಕಿನಲ್ಲಿ 1973ರಿಂದ 2006ರವರೆಗೆ ಸಿಬಿಜಿಬಿ ಎಂಬ ಕೊಳಕು ಬಾರ್ ಒಂದಿತ್ತು. ಅದರ ಮಾಲೀಕ ಹಿಲಿ ಕ್ರಿಸ್ಟಲ್ ಸ್ವಂತ ಹಾಡು ಇದ್ದವರಿಗೆ ಮಾತ್ರ ವೇದಿಕೆ ಎಂದು ಹಟ ಹಿಡಿದಿದ್ದ. ಬೇರೆಯವರ ಹಾಡು ಹಾಡಿಸಿದರೆ ರಾಯಲ್ಟಿ ಕಟ್ಟಬೇಕಾಗುತ್ತದೆ ಎನ್ನುವ ಲೆಕ್ಕವೂ ಅದರೊಳಗಿತ್ತು. ಜಿಪುಣತನದಿಂದಲೋ ಆದರ್ಶದಿಂದಲೋ, ಮುಂದೆ ಹೆಸರಾದ ರಮೋನ್ಸ್, ಟಾಕಿಂಗ್ ಹೆಡ್ಸ್, ಪ್ಯಾಟಿ ಸ್ಮಿತ್ ಎಲ್ಲ ಆ ಬಾರಿನಿಂದ ಹೊರಬಂದರು.

ಇನ್ನು ದುಡ್ಡಿನ ಮಾತು. ಟಿಕೆಟ್ಟು ಸಾಮಾನ್ಯವಾಗಿ ಮಲ್ಟಿಪ್ಲೆಕ್ಸ್ ಸಿನಿಮಾದ ಆಜುಬಾಜಿನಲ್ಲಿರುತ್ತದೆ. ತಲೆಗೆ 400 ರೂಪಾಯಿ ಇಟ್ಟರು ಎಂದುಕೊಳ್ಳಿ. 40 ಜನ ಬಂದರೆ 16,000. ಅದರಲ್ಲಿ ಜಾಗದವರ ಪಾಲು, ಟಿಕೆಟ್ ಮಾರುವ ಆ್ಯಪಿನವರ ಪಾಲು, ಸೌಂಡಿನವರಿಗೆ ಕೊಡುವುದು, ಡ್ರಮ್ಸ್ ಸಾಗಿಸಿದ ಗಾಡಿ ಬಾಡಿಗೆ. ಉಳಿದದ್ದನ್ನು ನಾಲ್ವರು ಹಂಚಿಕೊಂಡರೆ ಒಂದು ಸೆಟ್ ಗಿಟಾರ್ ತಂತಿ, ರಾತ್ರಿಯ ಊಟ. ಅಭ್ಯಾಸದ ಕೋಣೆಗೆ ಗಂಟೆಯ ಲೆಕ್ಕದಲ್ಲಿ ಕೊಟ್ಟ ಬಾಡಿಗೆ ಈ ಲೆಕ್ಕದಲ್ಲಿ ಬಂದೇ ಇಲ್ಲ. ಅತಿಥಿಗಳ ಪಟ್ಟಿಯಲ್ಲಿ ಹೆಸರು ಸೇರಿಸು ಎಂದು ಕೇಳುವ ಬಂಧುಗಳಿಗೆ ಇದನ್ನು ಹೇಳಬೇಕು. ನಾನು ಹೇಳುತ್ತೇನೆ, ಅವರು ಮುಖ ಊದಿಸಿಕೊಳ್ಳುತ್ತಾರೆ.

ಈಗ ಕಾಯ್ದೆಗೆ ಬರೋಣ. ಬೆಂಗಳೂರಿನ ಪತ್ರಿಕೆಗಳನ್ನು ಓದುವವರಿಗೆ ಲೈವ್ ಬ್ಯಾಂಡ್ ಎಂದರೆ ನೆನಪಾಗುವುದು ಗಿಟಾರಲ್ಲ, ಪೊಲೀಸ್ ದಾಳಿ. ಹೆಣ್ಣುಮಕ್ಕಳನ್ನು ಕುಣಿಸುವ ಬಾರುಗಳಿಗೆ ನಮ್ಮೂರಿನಲ್ಲಿ ಆ ಹೆಸರು ಬಿದ್ದುಬಿಟ್ಟಿತ್ತು. ಅವುಗಳನ್ನು ಹತೋಟಿಗೆ ತರಲೆಂದು 2005ರಲ್ಲಿ ನಗರ ಪೊಲೀಸರು ಒಂದು ಆದೇಶ ಹೊರಡಿಸಿದರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ, ಸಾರ್ವಜನಿಕ ಮನರಂಜನೆಯ ಜಾಗಗಳಿಗೆಲ್ಲ ಲೈಸೆನ್ಸು ಬೇಕು ಎಂದು. ಬಾರ್ ಮಾಲೀಕರು ಕೋರ್ಟಿಗೆ ಹೋದರು. ಮೊಕದ್ದಮೆ ಮೆಟ್ಟಿಲು ಹತ್ತುತ್ತ ಹತ್ತುತ್ತ ಹೋಗಿ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪೊಲೀಸರ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷದ ನಡುವೆ ಪೊಲೀಸರು ಪಬ್ಬುಗಳಿಗೆ ಬಂದು ಲೈಸೆನ್ಸು ತೋರಿಸಿ ಅಂದರು. ಲೈಸೆನ್ಸಿಗೆ ಅಗ್ನಿಶಾಮಕದವರ ಒಪ್ಪಿಗೆ ಬೇಕು, ಕಟ್ಟಡದ ಸ್ವಾಧೀನ ಪ್ರಮಾಣಪತ್ರ ಬೇಕು. ಮನೆಯಾಗಿ ಕಟ್ಟಿ ಪಬ್ಬಾಗಿ ತಿರುಗಿದ ಕಟ್ಟಡಗಳಿಗೆ ಆ ಕಾಗದ ಎಲ್ಲಿಂದ ಬರಬೇಕು? ಎಷ್ಟೋ ಕಡೆ ಹಾಡು ನಿಂತಿತು. ಒಬ್ಬಳೇ ಹುಡುಗಿ ಸ್ಟೂಲಿನ ಮೇಲೆ ಕೂತು ಅಕೂಸ್ಟಿಕ್ ಗಿಟಾರ್ ಮೀಟಿದರೂ ಅದೇ ಆದೇಶ. ಕುಣಿತದ ಬಾರಿಗೆ ಹಾಕಿದ ಬಲೆಯಲ್ಲಿ ಸಿಕ್ಕಿಕೊಂಡವರು ಇವರು. 2013ರಲ್ಲಿ ಇಂದಿರಾನಗರದಲ್ಲಿ ತೆರೆದ ದಿ ಹಮ್ಮಿಂಗ್ ಟ್ರೀ ಎಂಬ ಜಾಗ, ಈ ನಗರದ ಒಂದು ತಲೆಮಾರಿನ ಬ್ಯಾಂಡುಗಳು ಹಾಡಿದ ಜಾಗ, 2019ರಲ್ಲಿ ಮುಚ್ಚಿತು. ಕಳೆದ ವಾರ ಹಾಡು ಕೇಳಿದ ಕಡೆ ಈ ವಾರ ಹೋದರೆ ಬಿರಿಯಾನಿ ಹೋಟೆಲಿನ ಬೋರ್ಡು ಏರುತ್ತಿರುವುದು ನಮಗೆ ಹೊಸದಲ್ಲ.

ಹಾಗೆಂದು ಅಕ್ಕಪಕ್ಕದ ಮನೆಯವರನ್ನು ಬಯ್ಯುವ ಹುಡುಗರ ಜೊತೆ ನಾನು ಸೇರುವುದಿಲ್ಲ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಒಳಗೆ ಬ್ಯಾಂಡು ನುಡಿಯುವುದು ನೂರರ ಆಸುಪಾಸಿನಲ್ಲಿ. ಕೀರಲು ಸದ್ದನ್ನು ಗೋಡೆ ತಡೆದೀತು. ಬೇಸ್ ಗಿಟಾರೂ ದೊಡ್ಡ ಡ್ರಮ್ಮೂ ಗೋಡೆ ದಾಟಿ ಪಕ್ಕದ ಮನೆಯ ಅಜ್ಜಿಯ ಮಂಚದ ಕಾಲಿಗೆ ಬರುತ್ತವೆ. ಇಂಗ್ಲೆಂಡಿನಲ್ಲಿ ಅದೇ 2018ರಲ್ಲಿ ನಗರಯೋಜನೆಗೆ ಒಂದು ತತ್ವ ಸೇರಿಸಿದರು: ಹಳೆಯ ಸಂಗೀತದ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವನೇ ಸದ್ದು ತಡೆಯುವ ಖರ್ಚು ಹೊರಬೇಕು, ಬದಲಾವಣೆ ತಂದವನದೇ ಹೊಣೆ ಎಂದು. ಸಂಗೀತದವರು ಇದನ್ನು ಇಲ್ಲಿಗೂ ತನ್ನಿ ಅನ್ನುತ್ತಾರೆ. ತಂದರೆ ಏನಾಗುತ್ತದೆ ನೋಡಿ. ಇಂದಿರಾನಗರದಲ್ಲಿ ಮೊದಲು ಇದ್ದದ್ದು ಮನೆಗಳು, ಆಮೇಲೆ ಬಂದದ್ದು ಪಬ್ಬುಗಳು. ಹಾಗಾದರೆ ಗೋಡೆಗೆ ದಪ್ಪ ಹೊದಿಕೆ ಹಾಕಿಸುವ ಹೊಣೆ ಪಬ್ಬಿನವರ ತಲೆಗೇ ಬರುತ್ತದೆ. ಬರಲಿ, ನ್ಯಾಯವೇ.

ನನ್ನ ನಿಜವಾದ ತಕರಾರು ಬೇರೆ. ಈ ಊರಿನಲ್ಲಿ ಹೊಸ ಹಾಡಿನ ಹಣೆಬರಹವನ್ನು ಬಾರಿನ ಲೈಸೆನ್ಸಿಗೆ ಕಟ್ಟಿಹಾಕಿಬಿಟ್ಟಿದ್ದೇವೆ. ಪಬ್ಬಿನವನಿಗೆ ಹಾಡು ಬೇಕಾಗಿರುವುದು ಬಿಯರ್ ಮಾರಲು. ಅವನ ತಪ್ಪೇನಿಲ್ಲ, ಅವನ ವ್ಯಾಪಾರ ಅದು. ಆದರೆ ಕುಡಿಯದೆ, ಒಂದು ನಿಂಬೆ ಸೋಡಾ ಹಿಡಿದು ಎರಡು ಗಂಟೆ ಕಣ್ಣುಮುಚ್ಚಿ ಕೇಳುವವನಿಗಿಂತ ಕೆಟ್ಟ ಗಿರಾಕಿ ಅವನಿಗೆ ಇನ್ನೊಬ್ಬನಿಲ್ಲ; ಬ್ಯಾಂಡಿಗೆ ಅವನಿಗಿಂತ ಒಳ್ಳೆಯ ಕೇಳುಗನಿಲ್ಲ. 21 ತುಂಬದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ. ಹದಿನೇಳನೇ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹಾಡು ಮನುಷ್ಯನನ್ನು ಹೇಗೆ ಹಿಡಿಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ವಯಸ್ಸಿನವರಿಗೇ ಪ್ರವೇಶವಿಲ್ಲ. ಅವರು ಕಬ್ಬನ್ ಪಾರ್ಕಿನಲ್ಲಿ ದುಂಡಗೆ ನಿಂತು ಕನ್ನಡದಲ್ಲಿ ರ‍್ಯಾಪ್ ಕಟ್ಟಿಕೊಂಡರು. ವಾಚ್‌ಮನ್ನರು ಓಡಿಸುವವರೆಗೆ.

ನಾಟಕದವರಿಗೆ ಇದೇ ಊರಿನಲ್ಲಿ ಬೇರೆ ದಾರಿ ಸಿಕ್ಕಿತು. 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಟಿಕೆಟ್ಟು ಕೈಗೆಟುಕುವಷ್ಟು, ತಡವಾಗಿ ಬಂದವರಿಗೆ ಪ್ರವೇಶ ಇಲ್ಲ, ಹೊರಗೆ ಕಾಫಿ ತಿಂಡಿ. ಅಪ್ಪ ಅಮ್ಮ ಮಕ್ಕಳು ಕೂಡಿ ಹೋಗುತ್ತಾರೆ. ಹೆಸರಿಲ್ಲದ ತಂಡದ ನಾಟಕಕ್ಕೂ ಜನ ಬರುತ್ತಾರೆ, ಏಕೆಂದರೆ ಅವರು ಬರುವುದು ಆ ಜಾಗದ ಮೇಲಿನ ನಂಬಿಕೆಯಿಂದ. ಬ್ಯಾಂಡುಗಳಿಗೆ ಅಂಥದ್ದೊಂದು ಮನೆ ಯಾರೂ ಕಟ್ಟಲಿಲ್ಲ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸಿನಂಥ ಕಡೆ ವೇದಿಕೆಗೆ ಎದುರಾಗಿ ಕುರ್ಚಿ ಹಾಕಿ, ಗೋಡೆ ತುಂಬ ಪುಸ್ತಕ ಜೋಡಿಸಿ, ಕೇಳುವುದಕ್ಕೆ ಮರ್ಯಾದೆ ಕೊಟ್ಟರು. ಸೊಗಸಾದ ಜಾಗ, ಆದರೆ ಅದೂ ಬಿಯರ್ ಮಾಡುವವರದೇ, ವಿದ್ಯಾರ್ಥಿಯ ಜೇಬಿಗೆ ದೂರ. ಮನೆಗಳಲ್ಲಿ ನಡೆಯುವ ಗಿಗ್ಗುಗಳೂ ಇವೆ. 2009ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೋಫಾರ್ ಎಂಬ ಪದ್ಧತಿ ಬೆಂಗಳೂರಿಗೂ ಬಂತು; ವಿಳಾಸ ಕೊನೆಯ ಗಳಿಗೆಯವರೆಗೆ ಗುಟ್ಟು, ಯಾರು ಹಾಡುತ್ತಾರೆಂಬುದೂ ಗುಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಕೂರಬೇಕು.

ನೆಲದ ಮೇಲೆ ಕೂತು ಕೇಳುವುದನ್ನು ನಾವು ಲಂಡನ್ನಿನಿಂದ ಕಲಿಯಬೇಕಾಗಿರಲಿಲ್ಲ. ಧಾರವಾಡದ ಬೈಠಕ್ಕುಗಳಲ್ಲಿ ಗಾಯಕರ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ಕೇಳಿದವರ ಮೊಮ್ಮಕ್ಕಳು ನಾವು. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಲ್ಲಿ ರಾಮನವಮಿ ಸಂಗೀತ ಶುರುಮಾಡಿದ್ದೂ ಬೀದಿಯವರಿಗಾಗಿ; ಪಾನಕ ಕೋಸಂಬರಿ ಇತ್ತು, ಬಾರ್ ಇರಲಿಲ್ಲ. ನಾನು ಈಗ ಯಾವುದರ ಮೂಲಕ ನಿಮ್ಮೊಂದಿಗೆ ಮಾತಾಡುತ್ತಿದ್ದೇನೋ ಆ ಆಕಾಶವಾಣಿಯ ಹೆಸರು ಹುಟ್ಟಿದ್ದೇ ಒಂದು ಮನೆಯಲ್ಲಿ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. ಅದೂ ಇಂಡೀ ಕೆಲಸವೇ. ಇಂದಿಗೂ ಅಂಥ ಜಾಗಗಳು ಇಲ್ಲದೆ ಇಲ್ಲ. ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸು, ಶಾಲೆಯ ಸಭಾಂಗಣ, ಗ್ರಂಥಾಲಯದ ಮೇಲ್ಮಹಡಿ ಎಷ್ಟು ಸಂಜೆ ಬೀಗ ಹಾಕಿಕೊಂಡು ಬಿದ್ದಿರುತ್ತವೆ! ಒಂದು ಶನಿವಾರ ಆರಕ್ಕೆ ಶುರುಮಾಡಿ ಒಂಬತ್ತಕ್ಕೆ ಮುಗಿಸಿದರೆ ಪಕ್ಕದ ಮನೆಯ ಅಜ್ಜಿಯೂ ಬಂದಾರು.

ಗಿಗ್ಗಿಗೆ ಹೋಗಬೇಕೆಂದು ಮನಸ್ಸಾದವರಿಗೆ ನಾಲ್ಕು ಮಾತು. ಒಂಬತ್ತಕ್ಕೆಂದು ಹಾಕಿದ್ದರೆ ಶುರುವಾಗುವುದು ಒಂಬತ್ತೂವರೆಗೆ. ರಂಗಶಂಕರದ ಶಿಸ್ತು ಇಲ್ಲಿಗೆ ಇನ್ನೂ ಬಂದಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಹೋಗಿ, ಏಕೆಂದರೆ ಮೊದಲು ಹಾಡುವ ಬ್ಯಾಂಡು ಕಾವಲಿ ಕಾಯುವ ಮುಂಚೆ ಹುಯ್ದ ದೋಸೆ. ಸೌಂಡು ಹದಕ್ಕೆ ಬಂದಿರುವುದಿಲ್ಲ, ಜನ ಬಂದಿರುವುದಿಲ್ಲ, ಬಂದವರು ಮೆನು ಕಾರ್ಡಿನಲ್ಲಿ ಮುಳುಗಿರುತ್ತಾರೆ. ನಿಮ್ಮ ಕಿವಿ ಹೆಚ್ಚು ಬೇಕಾಗಿರುವುದು ಅವರಿಗೆ. ನಿಲ್ಲುವ ಜಾಗ ಆರಿಸಿಕೊಳ್ಳುವುದಾದರೆ ಮಿಕ್ಸರ್ ಇಟ್ಟುಕೊಂಡು ಕೂತಿರುವ ಸೌಂಡ್ ಇಂಜಿನಿಯರ್ ಎಲ್ಲಿದ್ದಾನೆ ನೋಡಿ, ಅವನ ಮುಂದೆ ನಿಲ್ಲಿ. ಅವನು ತನ್ನ ಕಿವಿಗೆ ಸರಿಬರುವ ಹಾಗೆ ತೂಗಿಸಿರುತ್ತಾನೆ. ಕೋಣೆಯಲ್ಲಿ ಎಲ್ಲ ವಾದ್ಯವೂ ಒಂದು ಪ್ರಮಾಣದಲ್ಲಿ ಕೇಳುವುದು ಅಲ್ಲಿ. ಸ್ಪೀಕರ್ ಪಕ್ಕ ಬೇಡ ಎಂದ ಬಾಗಿಲ ಹುಡುಗನ ಮಾತು ನಿಜ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹಾಕಿದ ಮಿತಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್. ಸಣ್ಣ ಕೋಣೆಯಲ್ಲಿ ಡ್ರಮ್ಮಿನೆದುರು ಸದ್ದು ಅದನ್ನು ಎಷ್ಟು ಸಲೀಸಾಗಿ ದಾಟುತ್ತದೆ! ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಹಾಕಿಕೊಂಡರೆ ಮುದುಕ ಎಂದುಕೊಳ್ಳುತ್ತಾರೇನೋ ಎಂಬ ಭಯ ಬೇಡ, ಡ್ರಮ್ಮರೂ ಹಾಕಿಕೊಂಡಿರುತ್ತಾನೆ.

ಹಾಡಿನ ನಡುವೆ ಮಾತು ಬೇಡ. ಮೈದಾನದಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಇಲ್ಲಿ ನಿಮ್ಮ ಫ್ಲಾಟಿನ ಸಾಲದ ಕಂತು ಎಷ್ಟೆಂದು ಗಾಯಕಿಗೂ ಗೊತ್ತಾಗುತ್ತದೆ. ಟಿ-ಶರ್ಟು ಮಾರಲು ಇಟ್ಟಿದ್ದರೆ ಒಂದು ಕೊಳ್ಳಿ. ಬಾರಿನ ಪಾಲಿಲ್ಲದೆ ಬ್ಯಾಂಡಿಗೆ ನೇರವಾಗಿ ಹೋಗುವ ದುಡ್ಡು ಸಾಮಾನ್ಯವಾಗಿ ಅದೊಂದೇ. ಸೈಜು ಮಾತ್ರ ಇಪ್ಪತ್ತರ ಹುಡುಗರ ಲೆಕ್ಕದಲ್ಲಿ ತರಿಸಿರುತ್ತಾರೆ. ನನ್ನ ಹೊಟ್ಟೆಗೆ ಯಾವುದೂ ಆಗದೆ ಮನೆಯಲ್ಲಿ ಹಂಚಿಬಿಟ್ಟಿದ್ದೇನೆ.

ಮುಗಿದ ಮೇಲೆ ಬ್ಯಾಂಡಿನವರೇ ಕೂತು ವೈರು ಸುತ್ತುತ್ತಿರುತ್ತಾರೆ. ಹೋಗಿ ಮಾತಾಡಿಸಿ. ಸೂಪರ್, ಸಖತ್ ಎಂದು ಎಲ್ಲರೂ ಹೇಳಿ ಹೋಗಿರುತ್ತಾರೆ, ಅದರಿಂದ ಅವರಿಗೆ ಖುಷಿ, ಹಾಡಿಗೆ ಏನೂ ಇಲ್ಲ. ಕೇಳಿಸದೇ ಹೋದದ್ದನ್ನು ಹೇಳಿ. ನಾನು ಹಿಂದೊಮ್ಮೆ ಹೀಗೇ ಹೋಗಿ, “ಮೂರನೇ ಹಾಡು ತುಂಬ ಚೆನ್ನಾಗಿತ್ತಮ್ಮ, ಆದ್ರೆ ಒಂದು ಸಾಲಿನ ಕೊನೆಯೂ ಕೇಳಿಸ್ಲಿಲ್ಲ. ಮಳೆ ಬಂತಾ, ಬರ್ಲಿಲ್ವಾ?” ಅಂದೆ. ಹಾಡಿದ ಹುಡುಗಿ ಕೈಯಲ್ಲಿದ್ದ ವೈರು ಬಿಟ್ಟು ಡ್ರಮ್ಮರ ಕಡೆ ತಿರುಗಿದಳು. “ಕೇಳ್ಸ್ಕೊಂಡ್ಯೇನೋ? ಆರ್ ತಿಂಗ್ಳಿಂದ ಬಡ್ಕೋತಿದೀನಿ, ಸಾಲಿನ್ ಕೊನೇಲಿ ಕೈ ಬಿಗಿ ಹಿಡಿ ಅಂತ!” ಅವನು ಡ್ರಮ್ಮಿನ ಸ್ಟ್ಯಾಂಡು ಮಡಚುತ್ತ, ತಲೆ ಎತ್ತದೆ, “ಅಂಕಲ್, ನೀವು ಎಲ್ಲಿ ನಿಂತಿದ್ರಿ?” ಅಂದ. ಮಿಕ್ಸರ್ ಮುಂದೆ ಅಂದೆ. ಮತ್ತೆ ಅವನು ಮಾತಾಡಲಿಲ್ಲ. ಅವಳು ನನಗೆ ಮುಂದಿನ ಗಿಗ್ಗಿನ ತಾರೀಖು ಕೊಟ್ಟಳು. ಬುಧವಾರ.